ಹಸಿರು ರವಿಕೆ ಕಣ

"ಎಫ್ ಐದು ಒತ್ತಿದ್ದೇ ತಪ್ಪಾ? ಪುಸ್ತಕದಲ್ಲಿ ಅಂಗೇ ಬರ್ದದಲ್ಲವ್ವ!" ಅಂದ ಡೇರಿಯ ಕಾರ್ಯದರ್ಶಿ ಮಂಟಯ್ಯ. ಬೆಳಗಿನ ಹಾಲಿನ ಲೆಕ್ಕವೆಲ್ಲ ಕಂಪ್ಯೂಟರಿನಿಂದ ಅಳಿಸಿಹೋಗಿತ್ತು.

ಅನುಶ್ರೀ ಪುಸ್ತಕ ಕಸಿದುಕೊಂಡು ನೋಡಿದಳು. ಕಂಪ್ಯೂಟರು ಬಳಸುವ ಬಗೆ ಹೇಳುವ ಆ ಪುಸ್ತಕ ಅವಳೇ ಬರೆದದ್ದು. ಅವಳು ಕೆಲಸಕ್ಕಿದ್ದ ಕೆ.ಆರ್. ನಗರದ ಅಂಗಡಿಯವರು ಡೇರಿಗಳಿಗೆ ಕೊಟ್ಟ ಸಾಫ್ಟ್‌ವೇರ್ ಮೂರು ಸಲ ಬದಲಾಗಿತ್ತು. ಹನಗೋಡಿನ ಕಡೆ ಒಂದು, ಹಂಪಾಪುರದ ಕಡೆ ಇನ್ನೊಂದು, ಈ ಡೇರಿಯಲ್ಲಿ ಎಲ್ಲಕ್ಕಿಂತ ಹೊಸದು. ಮಾಲೀಕ ಕಾಂತರಾಜು ಖರ್ಚು ಉಳಿಸಲು ಮೂರನ್ನೂ ಒಂದೇ ಪುಸ್ತಕಕ್ಕೆ ತುರುಕಿಸಿದ್ದ. ಹಳೆಯದರಲ್ಲಿ ಎಫ್ ಐದು ಒತ್ತಿದರೆ ಲೆಕ್ಕ ಉಳಿಯುತ್ತಿತ್ತು, ಹೊಸದರಲ್ಲಿ ಅಳಿಯುತ್ತಿತ್ತು. ಮಂಟಯ್ಯ ವ್ರತದ ಪುಸ್ತಕ ಹಿಡಿದವನ ಹಾಗೆ ಮೊದಲಿನಿಂದ ಕೊನೆಯವರೆಗೆ ಮೂರನ್ನೂ ಮಾಡಿದ್ದ.

"ನಿಮ್ಮದಷ್ಟೇ ಓದಬೇಕಿತ್ತು."

"ಬುಟ್ಟು ಬುಟ್ಟು ಓದುದ್ರೆ ಫಲ ಸಿಕ್ಕಾದಾ?"

"ಸಂಜೆದೂ ಹೋದ್ರೆ ಈ ಪೆಟ್ಗೆ ನಿಮ್ ಅಂಗ್ಡಿಗೇ ವಾಪಸ್ಸು," ಅಂದಳು ಡೇರಿಯ ಅಧ್ಯಕ್ಷೆ ಸುನಂದಮ್ಮ. ಕಂಪ್ಯೂಟರು ವಾಪಸಾದರೆ ನೀನೂ ಬರಬೇಡ ಎಂದು ಕಾಂತರಾಜು ಮುಖಕ್ಕೇ ಹೇಳಿದ್ದ.

ಅನುಶ್ರೀ ಪರದೆಯನ್ನೇ ದಿಟ್ಟಿಸಿದಳು. ಹಸಿರು. ಮೊದಲನೆಯದರ ಪರದೆ ನೀಲಿ ಇತ್ತು, ಎರಡನೆಯದರದು ಕಪ್ಪು. ಅವಳು ತಟ್ಟನೆ ತಿರುಗಿದಳು.

"ಸುನಂದಮ್ಮೋರೆ, ಕತ್ತರಿ ಕೊಡಿ. ಸೂಜಿ, ದಾರ! ಹಸಿರು ಬಟ್ಟೆ ಯಾವುದಾದರೂ ಇದೆಯಾ?"

ಪುಸ್ತಕದ ಬೆನ್ನು ಕಿತ್ತು ಜಗಲಿಯ ಮೇಲೆ ಮೂರು ರಾಶಿ ಹಾಕಿದಳು. ಬೆರೆತ ಹಾಳೆಗಳನ್ನು ಕತ್ತರಿಸಿದಳು. ಮೂರಕ್ಕೂ ಬೇಕಾದದ್ದನ್ನು ಕೈಯಲ್ಲೇ ಮತ್ತೆ ಬರೆದಳು. ಊಟಕ್ಕೆ ಕರೆದರೂ ಏಳಲಿಲ್ಲ. ಹಾಳೆ ಹಾರದಂತೆ ಮಂಟಯ್ಯ ತೂಕದ ಬಟ್ಟುಗಳನ್ನು ತಂದು ಇಟ್ಟ.

ಪಕ್ಕದ ತನ್ನ ಮನೆಯಿಂದ ಸುನಂದಮ್ಮ ತಾಂಬೂಲದ ಜೊತೆ ಬಂದಿದ್ದ ಹಸಿರು ರವಿಕೆ ಕಣ ತಂದಳು. "ಯಾರೂ ರವ್ಕೆ ಒಲಿಸ್ಕೊಳ್ದೆ ನಾಕು ಮನೆ ಸುತ್ತಿ ಬಂದದೆ. ಇಲ್ಲಾದ್ರೂ ನಿಂತ್ಕೊಳ್ಳಿ!"

ಹಸಿರು ಪರದೆಯ ರಾಶಿಗೆ ರಟ್ಟಿಟ್ಟು, ಕಣ ಸುತ್ತಿ ಹೊಲಿದು ಮುಗಿಸುವಷ್ಟರಲ್ಲಿ ಹಾಲಿನ ಕ್ಯಾನುಗಳು ಸಾಲು ನಿಂತಿದ್ದವು.

ಮಂಟಯ್ಯ ಪುಸ್ತಕವನ್ನು ಪರದೆಯ ಪಕ್ಕ ಹಿಡಿದು ಬಣ್ಣ ತಾಳೆ ನೋಡಿದ. ಸಂಜೆಯ ಹಾಲು ಅಳೆದಾದ ಮೇಲೆ, ಬೆಳಗಿನ ಹಾಗೇ, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದುತ್ತ ಒತ್ತಿದ. ಕೊನೆಯ ಗುಂಡಿಯ ಮೇಲೆ ಬೆರಳಿಟ್ಟು ಅನುಶ್ರೀಯ ಮುಖ ನೋಡಿದ.

"ಒತ್ತಿ."

ಪ್ರಿಂಟರು ಕಿರ್ರೆಂದಿತು. ಎಲ್ಲರ ಹಾಲೂ ಹಾಳೆಯ ಮೇಲೆ ಬಂತು.

"ಇನ್ನೆರಡಕ್ಕೂ ಬಟ್ಟೆ ಬೇಕು," ಅಂದಳು ಅನುಶ್ರೀ, ಉಸಿರು ಬಿಡದೆ. "ನೀಲಿ ಒಂದು, ಕಪ್ಪು ಒಂದು."

"ತಾಂಬೂಲಕ್ಕೆ ಕಪ್ಪು ಯಾರವ್ವ ಕೊಟ್ಟಾರು?" ಎಂದು ನಗುತ್ತಲೇ ಸುನಂದಮ್ಮ ಮನೆಯತ್ತ ನಡೆದಳು.

ಜಗಲಿಯ ಮೇಲೆ ಬಟ್ಟುಗಳ ಅಡಿಯಲ್ಲಿ ಎರಡು ರಾಶಿ ಹಾಳೆಗಳು ಗಾಳಿಗೆ ಅಂಚು ಬಡಿಯುತ್ತಿದ್ದವು. ಪಕ್ಕದ ಮನೆಯಲ್ಲಿ ಟ್ರಂಕಿನ ಮುಚ್ಚಳ ತೆರೆದ ಸದ್ದಾಯಿತು.