ಭಾನುವಾರ ಒಡೆದ ಕಾಗದ

ಟೋರ್ಗೆರ್ ಮೇಷ್ಟ್ರ ಹೆಬ್ಬೆರಳಿಗೆ ಮುದ್ರೆಯ ಮೇಣ ಮೆತ್ತಿದೆ, ಅದೇ ಬೆರಳನ್ನು ನಾಲಿಗೆಗೆ ಒತ್ತಿ ಹಾಳೆ ತಿರುಗಿಸುತ್ತಾರೆ, ತಿರುಗಿಸಿದ ಹಾಳೆಯ ಹಿಂದೆ ಪಾದದ ಗೀಟಿಲ್ಲ — ಮರೆತನೇನೋ ಅಸ್ಲಾಕ್, ಅಮೆರಿಕಕ್ಕೆ ಹೋಗಿ ಎಂಟು ವರ್ಷವಾದರೂ ಈ ತಮ್ಮನಿಗೆ ಗೀಟಿಗೆ ಜಾಗ ಬಿಟ್ಟು ಬರೆಯುವುದು ಬರಲಿಲ್ಲ, ಎಂದುಕೊಂಡಳು ಗುನ್ವೊರ್. ಚರ್ಚಿನ ಗುಡ್ಡದ ಮೇಲೆ ಊರಿಗೆ ಊರೇ ನಿಂತಿದೆ, ಗೋಧಿ ಚೆನ್ನಾಗಿ ಬಂತು, ಎತ್ತು ಕೊಂಡೆವು, ಮೇಷ್ಟ್ರು ಓದುತ್ತಾರೆ, ಪಕ್ಕದ ಮನೆಯ ಮಾರಿಟ್ ಮೊಣಕೈಯಲ್ಲಿ ತಿವಿಯುತ್ತಾಳೆ, ನೋಡೇ, ನಿನ್ ತಮ್ಮ ಸಾಹುಕಾರ ಆದ, ನೀನಿನ್ನೂ ಅದೇ ಹರಕಲು ಶಾಲಲ್ಲೇ ಇದ್ದೀಯ — ಸಾಹುಕಾರನಾದರೇನು, ವರ್ಷಕ್ಕೊಮ್ಮೆ ಮಗಳು ಸಿಗ್ನೆಯನ್ನು ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಗೀಟೆಳೆದು ಕಳಿಸುತ್ತಾನೆ, ಆ ಅಳತೆಗೆ ಇವಳು ಉಣ್ಣೆಯ ಕಾಲ್ಚೀಲ ಹೆಣೆಯುತ್ತಾಳೆ, ಸಮುದ್ರ ದಾಟುವಷ್ಟರಲ್ಲಿ ಬೆಳೆದಿರುತ್ತಾಳೆಂದು ಒಂದು ಬೆರಳು ಹೆಚ್ಚಿಗೆ, ಕಣ್ಣಾರೆ ಕಾಣದ ಸೋದರಸೊಸೆ, ಪಾದವೊಂದೇ ಗುರುತು. ಮೇಷ್ಟ್ರ ದನಿ ಇಳಿಯಿತು. ಫೆಬ್ರವರಿಯಲ್ಲಿ ಜ್ವರ ಬಂತಕ್ಕಾ, ಮೂರೇ ದಿನ, ನಮ್ ಸಿಗ್ನೆ ಹೋಗ್ಬಿಟ್ಳು. ಗಂಡಸರು ಟೊಪ್ಪಿ ತೆಗೆದರು.

ಅಳು ಬರಲಿಲ್ಲ, ವಾರದ ದಿನಗಳು ಒಂದೊಂದೇ ನೆನಪಿಗೆ ಬಂದವು. ಕಾಗದ ಬಂದದ್ದು ಬುಧವಾರ. ಅವಳಿಗೇನು ಓದಲು ಬಾರದೆಂದಲ್ಲ. ಆದರೆ ಅಮೆರಿಕದ ಕಾಗದ ಊರಿನ ಸ್ವತ್ತು, ಭಾನುವಾರ ಗುಡ್ಡದ ಮೇಲೆ ಎಲ್ಲರೆದುರೇ ಒಡೆಯಬೇಕು, ಮೊದಲೇ ಒಡೆದವಳು ಏನೋ ಮುಚ್ಚಿಟ್ಟಳು ಅನ್ನುತ್ತಾರೆ, ಅದಕ್ಕೇ ರೊಟ್ಟಿಯ ಹಲಗೆಯ ಮೇಲೆ ಹಾಗೇ ಇಟ್ಟು ದಿನಾ ಧೂಳು ಒರೆಸಿದಳು, ಶುಕ್ರವಾರ ಅಮೆರಿಕದ ಟಪಾಲು ಒಯ್ಯುವ ಬರ್ಗೆನ್ ದೋಣಿ ಹೊರಡುವುದಿತ್ತು, ತಪ್ಪಿದರೆ ಮತ್ತೆ ಒಂದು ತಿಂಗಳು, ಹೋದ ವರ್ಷದ ಗೀಟಿಗೆ ಹೆಣೆದ ಕೆಂಪು ಕಾಲ್ಚೀಲ ಗಂಟು ಕಟ್ಟಿ ಚೀಟಿ ಬರೆದಳು — ತಮ್ಮಾ, ಆ ಕಳ್ಳೀನ ಅಲ್ಲಾಡದ ಹಾಗೆ ನಿಲ್ಸಿ ಗೀಟು ಎಳಿ, ಕಾಲು ಹಿಂಗೇ ಬೆಳೀತಾ ಇದ್ರೆ ಉಣ್ಣೆ ಎಲ್ಲಿಂದ ತರ್ಲಿ ನಾನು. ಬರೆಯುತ್ತಾ ನಕ್ಕಿದ್ದಳು, ಗಂಟನ್ನು ದೋಣಿಗೆ ಕೊಟ್ಟು ಬಂದಿದ್ದಳು. ಅವನ ಕಾಗದ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ದುಃಖಕ್ಕಿಂತ ಮೊದಲು ನಾಚಿಕೆಯಾಯಿತು.

ಇವತ್ತೇ ಇನ್ನೊಂದು ಬರೆದರೆ, ಮುಂದಿನ ದೋಣಿಗೆ ಕೊಟ್ಟರೆ, ಇಲ್ಲ, ಮೊದಲು ಹೊರಟದ್ದೇ ಮೊದಲು ಮುಟ್ಟುತ್ತದೆ, ಕೂತ್ಕೋ ಗುನ್ವೊರ್, ಕೂತ್ಕೋ, ಮಾರಿಟ್ ಕೈ ಹಿಡಿದಿದ್ದಾಳೆ, ಬೇಡ ಬಿಡು, ನಿಂತೇ ಇರ್ತೀನಿ — ಆಗಸ್ಟಿನಲ್ಲಿ ಅಸ್ಲಾಕ್ ಗಂಟು ಬಿಚ್ಚುತ್ತಾನೆ, ಹುಡುಗನಾಗಿದ್ದಾಗಿನಿಂದ ಅವನ ಅಭ್ಯಾಸ, ಹೊಸ ಕಾಲ್ಚೀಲ ಕಂಡರೆ ಒಳಗೆ ಕೈ ತೂರಿ ಬೆರಳು ಅಗಲಿಸುವುದು, ಎಲ್ಲಾದರೂ ಮುಳ್ಳು ಉಳಿದಿದೆಯೇ ಎಂದು, ಈಗಲೂ ತೂರುತ್ತಾನೆ, ಕೆಂಪು ಉಣ್ಣೆಯೊಳಗೆ ಅವನ ಕೈ, ಚೀಟಿ ಇನ್ನೂ ಓದಿಲ್ಲ, ಕೆಂಪು ಉಣ್ಣೆಯೊಳಗೆ ಅವನ ಕೈ, ಓದುತ್ತಾನೆ, ಕೆಂಪು ಉಣ್ಣೆಯೊಳಗೆ ಅವನ ಕೈ