ಅರವತ್ತಮೂರನೆಯ ಬಿಲ್ಲೆ

ಆ ಬೀದಿಯಲ್ಲಿ ಮನೆಯ ಬಾಗಿಲು ತೆರೆಯಲಾಗದೆ ಹೊರಗೆ ನಿಂತವರೆಲ್ಲ ಮೊದಲು ಓಡಿಬರುತ್ತಿದ್ದದ್ದು ಬೀಗದಕ್ಕನ ಅಂಗಡಿಗೆ. ಅಂಗಡಿಯೆಂದರೆ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಒಂದು ಸಂದು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗಿರಬೇಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಕೀಲಿಕೈ. ಗಂಡ ತೀರಿಕೊಂಡ ಮೇಲೆ ಅವನ ಅರ, ಸುತ್ತಿಗೆ, ಸುಟ್ಟ ಕಲೆಗಳ ಮರದ ಮೇಜು ಎಲ್ಲ ಇವಳ ಪಾಲಿಗೆ ಬಂದವು. "ಹೆಂಗಸು ಬೀಗ ರಿಪೇರಿ ಮಾಡ್ತಾಳಂತೆ" ಎಂದು ನಕ್ಕವರೇ, ಸ್ನಾನದ ಮನೆಯಲ್ಲಿ ಮಗು ಚಿಲಕ ಹಾಕಿಕೊಂಡ ದಿನ ಬರಿಗಾಲಲ್ಲಿ ಓಡಿಬಂದಿದ್ದರು. ಬೀಗದಕ್ಕ ಅವರನ್ನು ಹಂಗಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಂಗಿಸಿದಳು, ಬಾಗಿಲನ್ನೂ ತೆಗೆದುಕೊಟ್ಟಳು.

ಗಂಡ ಕಲಿಸಿದ ಎರಡು ಪಾಠಗಳನ್ನು ಅವಳು ಎಂದೂ ಬಿಟ್ಟವಳಲ್ಲ. ಸೋಪಿನ ಮೇಲೆ ಅಚ್ಚೊತ್ತಿಕೊಂಡು ಬಂದವರಿಗೆ ಕೀಲಿಕೈ ಮಾಡಿಕೊಡಬಾರದು, ಅದು ಕಳ್ಳರ ದಾರಿ. ಇನ್ನೊಂದು, ಬೀಗಕ್ಕೆ ಕೈ ಹಾಕುವ ಮೊದಲು ಬಾಗಿಲನ್ನೊಮ್ಮೆ ತಳ್ಳಿ ನೋಡಬೇಕು. "ಹತ್ತರಲ್ಲಿ ಎರಡು ಬಾಗಿಲು ಹಾಕೇ ಇರಲ್ಲ ಕಣೇ," ಎನ್ನುತ್ತಿದ್ದ ಅವನು. "ಗಾಬರೀಲಿ ಯಾರೂ ತಳ್ಳಿ ನೋಡಿರಲ್ಲ, ಅಷ್ಟೇ."

ಬೀಗದ ಕೆಲಸದ ಜೊತೆಗೆ ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಬೀದಿಯ ಕೊನೆಯ ಚರ್ಚಿನಲ್ಲಿ ವರ್ಷಕ್ಕೆ ನಾಲ್ಕು ಸಲ ಕರ್ತನ ಭೋಜನ ನಡೆಯುತ್ತಿತ್ತು. ಆ ಮೇಜಿನ ಬಳಿ ಹೋಗಿ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳಬೇಕಾದರೆ ಕೈಯಲ್ಲಿ ಹಿತ್ತಾಳೆಯ ಬಿಲ್ಲೆ ಇರಬೇಕು. ಯಾರು ಯೋಗ್ಯರು ಎಂದು ಸಭೆಯ ಹಿರಿಯರು ಮನೆಮನೆಗೆ ಹೋಗಿ ವಿಚಾರಿಸಿ ಬಿಲ್ಲೆ ಕೊಡುವರು. ಸಿಗದವರಿಗೆ ಕೊನೆಯ ಬೆಂಚು. ಆ ಬಿಲ್ಲೆಗಳನ್ನು ಹೊಡೆಯುತ್ತಿದ್ದವಳು ಬೀಗದಕ್ಕ. ಗಂಡನ ಕಾಲದ ಉಕ್ಕಿನ ಅಚ್ಚು ಅವಳ ಬಳಿಯೇ ಇತ್ತು, ಹಿಡಿಗಾತ್ರದ್ದು, ತುದಿಯಲ್ಲೊಂದು ಬಟ್ಟಲಿನ ಚಿತ್ರ. ತಗಡಿನ ಮೇಲೆ ಅಚ್ಚು, ಅಚ್ಚಿನ ಮೇಲೆ ಒಂದೇ ಏಟು. ಆಮೇಲೆ ಅಂಚಿಗೆ ಅರದಿಂದ ಗೀರು. ಎಷ್ಟು ಗೀರು ಎಂಬುದು ಪ್ರತಿ ಸಲ ಬೇರೆ, ಹಳೆಯ ಬಿಲ್ಲೆಯನ್ನು ಯಾರೂ ಬಚ್ಚಿಟ್ಟುಕೊಂಡು ತರಬಾರದಲ್ಲ. ಈ ಸಲ ಹಿರಿಯರು ಹೇಳಿಕಳಿಸಿದ್ದು ಮೂರು ಗೀರು, ಅರವತ್ತೆರಡು ಬಿಲ್ಲೆ. ಹೋದ ಸಲ ಅರವತ್ತಮೂರಿತ್ತು. ಯಾರಿಗೋ ಹುಷಾರಿಲ್ಲವೇನೋ ಎಂದುಕೊಂಡು ಅವಳು ಅಷ್ಟನ್ನೇ ಹೊಡೆದು ಡಬ್ಬಿಗೆ ತುಂಬಿಟ್ಟಳು.

ಗುರುವಾರ ಮಧ್ಯಾಹ್ನ ಡ್ರಿಲ್ ಮೇಷ್ಟ್ರು ಬಂದರು. ಶಾಲೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ನಡಿಗೆಯಲ್ಲಿ ಇನ್ನೂ ಸೀಟಿ ಕೇಳಿಸುತ್ತಿತ್ತು. ಸಭೆಯ ಹಿರಿಯರಲ್ಲಿ ಅವರೇ ಮುಖ್ಯರು. ಬಿಸಿಲಲ್ಲಿ ಬೆವರುತ್ತ ಬಂದು, ಡಬ್ಬಿಯನ್ನು ತೆಗೆದುಕೊಂಡು, ಎರಡು ಸಲ ಎಣಿಸಿ, ಸ್ಟೂಲಿನ ಮೇಲೆ ಕೂತು ನೋಟ್‌ಬುಕ್ ತೆರೆದರು. ಬಿಲ್ಲೆ ಹೊಡೆದವಳಿಗೇ ಬಿಲ್ಲೆ ಕೊಡಬಹುದೇ ಎಂದು ಈಗ ವಿಚಾರಣೆ. ಇದು ಪ್ರತಿ ಸಲವೂ ನಡೆಯುವ ಶಾಸ್ತ್ರ.

"ಒಂದು. ಭಾನುವಾರ ತಪ್ಪಿಸಿದ್ದುಂಟೇ?"

"ಇಲ್ಲ ಮೇಷ್ಟ್ರೇ."

"ಎರಡು. ಉಪವಾಸ?"

"ಶುಕ್ರವಾರ ಶುಕ್ರವಾರ. ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಮುಖದ ಬಗ್ಗೆ ಪ್ರಶ್ನೆ ಇಲ್ಲ. ಮೂರು."

ಹೀಗೆ ಹನ್ನೊಂದು ಪ್ರಶ್ನೆ. ಉತ್ತರಗಳು ಬೀಗದಕ್ಕನ ಬಾಯಲ್ಲಿ ಸವೆದು ನುಣುಪಾಗಿದ್ದವು. ಏಳನೆಯದೊಂದು ಮಾತ್ರ ಇನ್ನೂ ಸವೆದಿರಲಿಲ್ಲ: ಯಾರ ಮೇಲಾದರೂ ಹಗೆ ಇದೆಯೇ? ಅತ್ತೆಯ ಹೊಲಿಗೆ ಮಷಿನ್ನು ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ನಾದಿನಿಯ ಜೊತೆ ಮಾತು ಬಿಟ್ಟು ವರ್ಷಗಳೇ ಉರುಳಿದ್ದವು. ಇಬ್ಬರೂ ಒಂದೇ ಚರ್ಚು, ಬೆಂಚು ಮಾತ್ರ ಬೇರೆ. ಆದರೂ ಅವಳು ಪ್ರತಿ ಸಲ "ಇಲ್ಲ" ಎನ್ನುತ್ತಿದ್ದಳು. ನಾದಿನಿಯೂ ಹಾಗೇ ಅಂದಿರಬೇಕು, ಅವಳಿಗೂ ಬಿಲ್ಲೆ ತಪ್ಪುತ್ತಿರಲಿಲ್ಲ.

ಮೇಷ್ಟ್ರು ಡಬ್ಬಿಯಿಂದ ಒಂದು ಬಿಲ್ಲೆ ತೆಗೆದು ಅವಳ ಅಂಗೈ ಮೇಲಿಟ್ಟರು. ಅವಳದೇ ಕೈಯ ಹಿತ್ತಾಳೆ, ಇನ್ನೂ ಎಣ್ಣೆಯ ವಾಸನೆ ಹೋಗಿರಲಿಲ್ಲ.

"ತಮ್ಮನ ಬಿಲ್ಲೆನೂ ಇಲ್ಲೇ ಕೊಟ್ಟುಬಿಡಿ. ಅವನು ಗೋಡೆ ಬಣ್ಣಕ್ಕೆ ಹೋಗಿದಾನೆ, ಸಂಜೆ ಬರ್ತಾನೆ."

ಮೇಷ್ಟ್ರು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು. "ಅವನದು ಇಲ್ಲಮ್ಮ. ಒಂದು ವರ್ಷ ಇಲ್ಲ."

ಆಗ ಬೀಗದಕ್ಕನಿಗೆ ಅರ್ಥವಾಯಿತು. ಕಡಿಮೆಯಾದ ಒಂದು ಬಿಲ್ಲೆ ಅವಳ ತಮ್ಮನದೇ. ತಾನೇ ಕೂತು, ತನ್ನ ಕೈಯಾರೆ, ತಮ್ಮನನ್ನು ಲೆಕ್ಕದಿಂದ ಬಿಟ್ಟಿದ್ದಳು.

ತಮ್ಮ ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಹದಿನೈದು ದಿನದ ಹಿಂದೆ ಒಂದು ಮನೆಯ ಬಣ್ಣದ ಕೆಲಸ ಮುಗಿದ ಖುಷಿಗೆ ಯಾರೋ ಸುರಿದುಕೊಟ್ಟರು, ಇವನು ಕುಡಿದ. ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಬಿದ್ದಿದ್ದವನನ್ನು ಕಂಡವರು ಇದೇ ಮೇಷ್ಟ್ರು. ಅಂದು ತಮ್ಮನ ಮೈಮೇಲಿದ್ದ ಶಾಲು ಮೇಷ್ಟ್ರದು ಎಂಬುದು ಬೀಗದಕ್ಕನಿಗೆ ಗೊತ್ತಿತ್ತು. ಶಾಲು ಹೊದಿಸಿದ ಕೈಯೇ ಹೆಸರನ್ನೂ ಹೊಡೆದುಹಾಕಿತ್ತು.

"ಅವತ್ತಿಂದ ಮುಟ್ಟಿಲ್ಲ ಮೇಷ್ಟ್ರೇ. ಅತ್ತು ಅತ್ತು ನಿಮ್ಮ ಮುಂದೇನೇ ಹೇಳಿದಾನಂತೆ."

"ಅಳು ನಾನೂ ನೋಡಿದೀನಿ. ಶಾಲೆಯಲ್ಲಿ ಮೂವತ್ತು ವರ್ಷ ನೋಡಿದೀನಿ. ಸಾಲು ಒಂದು ಕಡೆ ಡೊಂಕಾದ್ರೆ ಕೊನೆ ತನಕ ಡೊಂಕು. ಒಬ್ಬನನ್ನ ಬಿಟ್ರೆ ನಾಳೆ ಇನ್ನೊಬ್ಬ." ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಇನ್ನೂ ಕೆರಳಿಸಿತು. "ವರ್ಷ ನೆಟ್ಟಗಿರಲಿ. ಆಮೇಲೆ ಬರಲಿ."

"ನೆಟ್ಟಗಾದ್ಮೇಲೆ ಬರೋಕೆ ಅದೇನು ಬಹುಮಾನ ವಿತರಣೆನಾ?"

ಮೇಷ್ಟ್ರು ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮುಂದಿನ ಮನೆಗೆ ನಡೆದರು.

ಬೀಗದಕ್ಕ ಸ್ಟೂಲನ್ನು ಒಳಗೆಳೆದುಕೊಂಡು ಕೂತಳು. ಆ ಏಳು ತಿಂಗಳನ್ನು ತಮ್ಮ ಹೇಗೆ ಕಳೆದ ಎಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು? "ಮುಂದಿನ ಭೋಜನದ ತನಕ ಅಕ್ಕಾ, ಅಲ್ಲಿ ತನಕ ತಡ್ಕೋತೀನಿ," ಎಂದು ಹೇಳಿ ಹೇಳಿಯೇ ಅವನು ದಿನ ದೂಡಿದ್ದ. ಆ ಮೇಜಿನಿಂದ ದೂರ ಮಾಡಿದರೆ ಅವನು ಹೋಗುವ ಮೇಜು ಯಾವುದು ಎಂದು ಕೇಳಬೇಕಾಗಿಯೇ ಇರಲಿಲ್ಲ.

ಎದ್ದಳು. ಉಳಿದ ತಗಡಿನ ಮೇಲೆ ಅಚ್ಚಿಟ್ಟು ಒಂದೇ ಏಟು ಹೊಡೆದಳು. ಅಂಚಿಗೆ ಮೂರು ಗೀರು ಎಳೆದಳು. ಅರವತ್ತಮೂರು.

ಸಂಜೆ ತಮ್ಮ ಬಂದ. ತಲೆಗೂದಲಲ್ಲಿ ಸುಣ್ಣದ ಹುಡಿ, ಕೈತುಂಬ ನೀಲಿ ಬಣ್ಣ. ಅವಳು ಬಿಲ್ಲೆಯನ್ನು ಅವನ ಮುಂದಿಟ್ಟಳು.

"ಮೇಷ್ಟ್ರು ಕೊಟ್ರಾ?"

ಬೀಗದಕ್ಕ ನೀರಿನ ಲೋಟ ಹುಡುಕುವ ನೆಪ ಮಾಡಿದಳು. ತಮ್ಮ ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು ಎಣ್ಣೆಯ ವಾಸನೆ ನೋಡಿದ. ನಗು ಬಂತು ಅವನಿಗೆ, ಆದರೆ ಪೂರ್ತಿ ಬರಲಿಲ್ಲ.

"ಸೋಪಿನ ಅಚ್ಚು ತಂದೋರನ್ನ ಬೈದು ಅಟ್ಟೋಳು ನೀನು. ದೇವರ ಮನೆಗೇ ಕಳ್ಳ ಕೀ ಮಾಡಿದೀಯಲ್ಲ ಅಕ್ಕಾ."

"ಯಾರಿಗೂ ಗೊತ್ತಾಗಲ್ಲ ಕಣೋ. ಮೂರು ಗೀರು, ನೋಡು."

"ನಂಗೆ ಗೊತ್ತಾಗುತ್ತಲ್ಲ. ಕುಡಿದು ಬಿದ್ದೋನು ಅನ್ನೋದು ಹೇಗೋ ಸಹಿಸ್ಕೋತೀನಿ. ಕದ್ದು ತಿಂದೋನು ಅನ್ನೋದು ಬೇಡ." ಬಿಲ್ಲೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟ. "ಕರೆದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ. ಇನ್ನು ಆ ಕಡೆ ತಲೆ ಹಾಕಲ್ಲ, ಬಿಡು."

ಅವನು ನೀರು ಕುಡಿದು ಹೋದ. ಬೀಗದಕ್ಕ ಎರಡು ಬಿಲ್ಲೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಒಂದು ಕಳ್ಳತನದ್ದು, ಇನ್ನೊಂದು ಯೋಗ್ಯತೆಯದ್ದು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಯೋಗ್ಯತೆಯ ಬಿಲ್ಲೆಯನ್ನು ಅವಳು ಸಂಪಾದಿಸಿದ್ದು ಏಳನೆಯ ಪ್ರಶ್ನೆಗೆ ಸುಳ್ಳು ಹೇಳಿ. ಹಾಗಿದ್ದರೆ ಎರಡೂ ಕಳ್ಳ ಕೀಲಿಗಳೇ. ಹಾಗೆ ಯೋಚಿಸುತ್ತಿರುವಾಗಲೇ ಗಂಡನ ಎರಡನೆಯ ಪಾಠ ನೆನಪಾಯಿತು. ಇಷ್ಟು ವರ್ಷ ಬಿಲ್ಲೆ ಹೊಡೆದಳಲ್ಲ, ಆ ಬಾಗಿಲನ್ನು ಒಂದು ಸಲವಾದರೂ ತಳ್ಳಿ ನೋಡಿದ್ದಳೇ?

ಭಾನುವಾರ ಬೆಳಿಗ್ಗೆ ಅವಳು ತಮ್ಮನ ಮನೆಯ ಬಾಗಿಲು ಬಡಿದಳು.

"ಬರಲ್ಲ ಅಂದ್ನಲ್ಲಕ್ಕಾ."

"ಕೊನೇ ಬೆಂಚಲ್ಲಿ ಕೂತ್ಕೋ, ಸಾಕು. ನಿನ್ನ ಅಕ್ಕ ಮರ್ಯಾದೆ ಕಳ್ಕೊಳ್ಳೋದನ್ನ ನೋಡೋಕೆ ಮನೆಯವರು ಅಂತ ಒಬ್ಬರಾದ್ರೂ ಬೇಡ್ವಾ?"

ಅವಳ ಕೈಚೀಲ ಅಂದು ಯಾಕೋ ಭಾರವಾಗಿ ಜೋಲುತ್ತಿತ್ತು. ತಮ್ಮ ಅದನ್ನು ನೋಡಿದ, ಅವಳ ಮುಖವನ್ನೂ ನೋಡಿದ, ಅಂಗಿ ಬದಲಿಸಿಕೊಂಡು ಬಂದ.

ಪ್ರಾರ್ಥನೆ ಮುಗಿಯಿತು. ಬಿಳಿಯ ಬಟ್ಟೆ ಹಾಸಿದ ಮೇಜಿನ ಹಿಂದೆ ಸಭೆಯ ಪಾದ್ರಿ ಅಯ್ಯನವರು ನಿಂತಿದ್ದರು. ಈ ಸಭೆಗೆ ಬಂದು ಎರಡೇ ವರ್ಷವಾದ, ಮಾತು ಮೆತ್ತಗಿನ, ಎಳೆಯ ವಯಸ್ಸಿನವರು. ಹಿರಿಯರು ಹೇಳಿದ್ದಕ್ಕೆ ಹೂಂ ಅನ್ನುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಮೇಜಿನ ಈಚೆ ಮೇಷ್ಟ್ರು ಮರದ ಪೆಟ್ಟಿಗೆ ಹಿಡಿದು ನಿಂತರು. ಒಬ್ಬೊಬ್ಬರಾಗಿ ಬಂದು ಬಿಲ್ಲೆ ಹಾಕಿ ಮುಂದೆ ಹೋಗತೊಡಗಿದರು. ಟಣ್. ಟಣ್.

ಬೀಗದಕ್ಕನ ಸರದಿ ಬಂತು. ಅವಳು ಮುಂದೆ ಹೋಗಲಿಲ್ಲ, ಹಿಂದಕ್ಕೆ ಹೋದಳು. ಕೊನೆಯ ಬೆಂಚಿನಿಂದ ತಮ್ಮನ ಮಣಿಕಟ್ಟು ಹಿಡಿದು ಎಬ್ಬಿಸಿದಳು. "ಬೇಡ ಅಕ್ಕಾ" ಎನ್ನುತ್ತಲೇ ಅವನು ಬಂದ. ಆ ಹಿಡಿತದಿಂದ ಬಿಡಿಸಿಕೊಂಡ ಬೀಗವೇ ಇರಲಿಲ್ಲ, ಇನ್ನು ಅವನೆಲ್ಲಿ.

ಪೆಟ್ಟಿಗೆಯ ಮುಂದೆ ನಿಂತು ಅವಳು ಚೀಲಕ್ಕೆ ಕೈ ಹಾಕಿದಳು. ಮೊದಲು ತನ್ನ ಬಿಲ್ಲೆ. ಟಣ್. ಆಮೇಲೆ ಇನ್ನೊಂದು. ಟಣ್. ಆಮೇಲೆ ಉಕ್ಕಿನ ಅಚ್ಚು. ಧಡ್ ಎಂದು ಬಿದ್ದ ಹೊಡೆತಕ್ಕೆ ಪೆಟ್ಟಿಗೆ ಮೇಷ್ಟ್ರ ಕೈಯಲ್ಲಿ ಒಂದು ಗೇಣು ಕೆಳಗಿಳಿಯಿತು.

"ಏನಮ್ಮ ಇದು?"

"ಅಚ್ಚು ಮೇಷ್ಟ್ರೇ. ಇನ್ನು ನನ್ನ ಕೈಲಿ ಆಗಲ್ಲ. ಎರಡನೇ ಬಿಲ್ಲೆ ಕಳ್ಳ ಬಿಲ್ಲೆ, ನಾನೇ ಹೊಡೆದದ್ದು. ಇವನು ಬೇಡ ಅಂದ. ಮೊದಲನೇದು ನೀವು ಕೊಟ್ಟದ್ದು. ಅದೂ ಕಳ್ಳ ಬಿಲ್ಲೆನೇ. ಹಗೆ ಇಲ್ಲ ಅಂತ ನಿಮಗೆ ಸುಳ್ಳು ಹೇಳಿದ್ದೆ. ನನ್ನ ನಾದಿನಿ ಜೊತೆ ಒಂಬತ್ತು ವರ್ಷದಿಂದ ಮಾತಿಲ್ಲ."

"ಹತ್ತು," ಎಂದಿತು ಮೂರನೆಯ ಬೆಂಚಿನಿಂದ ಒಂದು ದನಿ.

ಯಾರೋ ನಗುವನ್ನು ಕೆಮ್ಮಾಗಿ ಮಾಡಿಕೊಂಡರು. ಬೀಗದಕ್ಕ ಆ ಕಡೆ ತಿರುಗಲಿಲ್ಲ. "ಆಯ್ತು, ಹತ್ತು."

ಮೇಷ್ಟ್ರ ಮುಖ ಕೆಂಪಾಗಿತ್ತು. "ಇದು ಕರ್ತನ ಮೇಜು. ನಿನ್ನ ಅಂಗಡಿ ಅಲ್ಲ."

"ಹೌದು, ಕರ್ತನದು. ನಿಮ್ಮದಲ್ಲ ಅಂತಾನೇ ನಾನೂ ಹೇಳ್ತಿರೋದು." ಅವಳು ಅವರ ಪಕ್ಕದಿಂದ ದಾಟಿ ಮೇಜಿನ ಮುಂದೆ ನಿಂತಳು. ದನಿ ನೆಟ್ಟಗಿತ್ತು. "ಅಯ್ಯನವರೇ, ಒಂದು ಪ್ರಶ್ನೆ. ನಿಮ್ಮ ಬಿಲ್ಲೆ ಎಲ್ಲಿ?"

ಅಯ್ಯನವರು ಕಣ್ಣು ಪಿಳಿಪಿಳಿ ಮಾಡಿದರು. "ನನ್ನ..."

"ಅಚ್ಚು ನನ್ನ ಹತ್ರ ಇತ್ತು. ನೀವಾಗ್ಲಿ ಮೇಷ್ಟ್ರಾಗ್ಲಿ ಪೆಟ್ಟಿಗೆಗೆ ಬಿಲ್ಲೆ ಹಾಕಿದ್ದನ್ನ ನಾನು ನೋಡಿಲ್ಲ. ನಿಮಗೊಂದು ನಾನು ಯಾವತ್ತೂ ಹೊಡೆದಿಲ್ಲ. ಮೇಷ್ಟ್ರಿಗೂ ಹೊಡೆದಿಲ್ಲ. ನಿಮ್ಮಿಬ್ಬರನ್ನ ಹನ್ನೊಂದು ಪ್ರಶ್ನೆ ಕೇಳೋಕೆ ಯಾರೂ ಬಂದಿಲ್ಲ. ಮತ್ತೆ ಪ್ರತಿ ಸಲ ರೊಟ್ಟಿ ಹೇಗೆ ತಗೊಂಡ್ರಿ?"

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಪೆಟ್ಟಿಗೆಯೊಳಗಿನ ಅಚ್ಚು ಒಂದು ಕಡೆಯಿಂದ ಇನ್ನೊಂದು ಕಡೆಗೆ ಉರುಳಿ ಸದ್ದು ಮಾಡಿತು, ಅವರು ಹೇಳಬೇಕಾದ್ದು ಅಲ್ಲಿಗೇ ನಿಂತಿತು. ಅಯ್ಯನವರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು, ಯಾರೋ ಅವುಗಳಲ್ಲಿ ಏನೋ ಇಟ್ಟು ಮರೆತುಹೋಗಿರಬಹುದು ಎನ್ನುವಂತೆ.

"ಸುಮ್ಮನೆ," ಎಂದರು ಕೊನೆಗೆ. ದನಿ ಮೆತ್ತಗಿತ್ತು, ಆದರೆ ಕೊನೆಯ ಬೆಂಚಿಗೂ ಕೇಳಿಸಿತು. "ಸುಮ್ಮನೆ ತಗೊಂಡೆ. ಕೊಟ್ಟರು, ತಗೊಂಡೆ."

"ಹಾಗಾದ್ರೆ ಇವನಿಗೂ ಸುಮ್ಮನೆ ಕೊಡಿ. ನಂಗೂ ಕೊಡಿ. ಯೋಗ್ಯತೆ ನೋಡಿ ಕೊಡೋದಾದ್ರೆ ಯಾರಿಗೂ ಬೇಡ, ಎತ್ತಿಟ್ಟುಬಿಡಿ."

ಅಯ್ಯನವರು ಮೇಷ್ಟ್ರ ಕಡೆ ನೋಡಿದರು. ಎರಡು ವರ್ಷದಿಂದ ಏನು ಮಾಡಬೇಕಾದರೂ ಹಾಗೇ ನೋಡಿದ್ದರು. ಆಮೇಲೆ ನೋಟ ತೆಗೆದು ರೊಟ್ಟಿಯನ್ನು ಕೈಗೆತ್ತಿಕೊಂಡರು. ಮುರಿದು ಒಂದು ಚೂರನ್ನು ತಮ್ಮನ ಮುಂದೆ ಚಾಚಿದರು.

ಅವನು ಕೈಯನ್ನು ಬೆನ್ನ ಹಿಂದೆ ಸರಿಸಿದ. "ಬಣ್ಣ ಇದೆ ಅಯ್ಯನವರೇ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ."

"ಇರಲಿ. ಕೈ ಕೊಡಿ."

ನೀಲಿ ಅಂಗೈಯ ಮೇಲೆ ಬಿಳಿಯ ಚೂರು ಬಿತ್ತು. ಅವನು ಅದನ್ನು ಕೂಡಲೇ ತಿನ್ನಲಿಲ್ಲ, ಸ್ವಲ್ಪ ಹೊತ್ತು ನೋಡುತ್ತ ನಿಂತ.

ಹಿಂದಿನಿಂದ ಬೆಂಚು ಕಿರುಗುಟ್ಟಿತು. ನಾದಿನಿ ಎದ್ದು ಬಂದಿದ್ದಳು. ಕೈಯಲ್ಲಿದ್ದ ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕದೆ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬರಿಗೈಯಲ್ಲಿ ಬೀಗದಕ್ಕನ ಪಕ್ಕ ಬಂದು ನಿಂತಳು. ಮುಖ ನೋಡಲಿಲ್ಲ.

"ಮಷಿನ್ನು ಮಾತ್ರ ಕೊಡಲ್ಲ," ಎಂದಳು ಮೆಲ್ಲಗೆ.

"ಇಟ್ಕೋ. ಅದರ ಪೆಡಲು ಹತ್ತು ವರ್ಷದಿಂದ ಕೀಚು ಅಂತಿರಬೇಕು. ಎಣ್ಣೆ ತರ್ತೀನಿ."

ಮೇಷ್ಟ್ರು ಪೆಟ್ಟಿಗೆಯನ್ನು ಹಿಡಿದುಕೊಂಡೇ ನಿಂತಿದ್ದರು. ಉಳಿದವರಲ್ಲಿ ಕೆಲವರು ಬಿಲ್ಲೆ ಹಾಕಿ ಹೋದರು, ಕೆಲವರು ಹಾಕಲಿಲ್ಲ. ಯಾರನ್ನೂ ಅವರು ತಡೆಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಮುಗಿದ ಮೇಲೂ ಅವರು ಮೇಜಿನ ಹತ್ತಿರ ಹೋಗಲಿಲ್ಲ. ಬೀಗದಕ್ಕ ಹೊರಗೆ ಹೋಗುವಾಗ ಅವರ ಮುಂದೆ ಒಂದು ಗಳಿಗೆ ನಿಂತಳು.

"ಭಾರ ಇದೆ ಮೇಷ್ಟ್ರೇ. ಕೆಳಗಿಡಿ ಅದನ್ನ. ರೊಟ್ಟಿ ಇನ್ನೂ ಉಳಿದಿದೆ."

ಅವರು ಇಡಲಿಲ್ಲ. ಆದರೆ ಹೋಗು ಎಂದೂ ಹೇಳಲಿಲ್ಲ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೆಟ್ಟಿಲಿಳಿಯುತ್ತ ತಮ್ಮ ಕೇಳಿದ, "ಅಕ್ಕಾ, ನಾಳೆ ಮತ್ತೆ ಬಿದ್ರೆ?"

"ಬಿದ್ರೆ ನಾಡಿದ್ದು ಎದ್ದು ಬಾ."

"ಅದೂ ಆಗಲಿಲ್ಲಾಂದ್ರೆ?"

ಬೀಗದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಂಗಡಿಗೆ ಒಂದು ಮಾತು ಹೇಳಿ ಕಳಿಸು. ಬಾಗಿಲು ತೆಗೆಯೋದು ನನ್ನ ಕಸುಬು ಕಣೋ. ಹಾಕೋದು ಯಾರದ್ದು ಅಂತ ನಂಗೊತ್ತಿಲ್ಲ, ನಾನಂತೂ ಇನ್ನು ಕಲಿಯಲ್ಲ."