ಒಂದು ‘ಬಿಡು’, ಎರಡು ಫೋನು

ಮೇಸ್ತ್ರಿ ಅಂಗಡಿಯ ನಟ್ಟನಡುವೆ ಸುಣ್ಣದ ಗೆರೆ ಎಳೆದು ಊಟಕ್ಕೆ ಹೋಗಿದ್ದ. ಉಂಡು ಬಂದವನೇ ಆ ಗೆರೆಯ ಮೇಲೆ ಗೋಡೆ ಎಬ್ಬಿಸುವವನಿದ್ದ. ಗೆರೆಯ ಈಚೆ ಅಕ್ಕನ ಹೊಲಿಗೆ ಮೆಷಿನ್ನು, ಆಚೆ ತಂಗಿಯ ಪಾರ್ಲರಿನ ಕುರ್ಚಿ, ಕನ್ನಡಿ. ಹನ್ನೊಂದು ವರ್ಷ ಒಂದೇ ಫ್ಯಾನಿನ ಕೆಳಗೆ ನಡೆದ ಅಂಗಡಿ ಅದು. ಅಳತೆ ಕೊಡಲು ಬಂದವಳು ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದಳು, ಕೂದಲು ಕತ್ತರಿಸಿಕೊಳ್ಳಲು ಬಂದವಳು ಕೆಟ್ಟುಹೋದ ಜಿಪ್ಪು ಬದಲಾಯಿಸಿಕೊಂಡು ಹೋಗುತ್ತಿದ್ದಳು. ಈಗ ಫ್ಯಾನು ತಂಗಿಯ ಪಾಲಿಗೆ ಎಂದು ತೀರ್ಮಾನವಾಗಿತ್ತು. ಅಕ್ಕ ಇನ್ನು ಸೆಖೆಯಲ್ಲೇ ಹೊಲಿಯಬೇಕು.

ಇಪ್ಪತ್ತು ದಿನದಿಂದ ಇಬ್ಬರಿಗೂ ಮಾತಿಲ್ಲ ಕತೆಯಿಲ್ಲ. ಜಗಳ ಯಾಕೆ ಎಂದು ಕೇಳಿದರೆ ಅಕ್ಕ ಏನು ಹೇಳಿಯಾಳು, ಪಾಪ? ಅವಳಿಗೇ ಗೊತ್ತಿರಲಿಲ್ಲ. ಅವತ್ತು ಅವಳು ದಾರ, ಗುಂಡಿ ತರಲು ಪೇಟೆಗೆ ಹೋಗಿದ್ದಳು. ಆ ಹೊತ್ತಿಗೆ ಶಾಲೆಯ ಹೆಡ್‌ಮೇಡಂ ಬಂದು ತಂಗಿಯ ಕೈಯಲ್ಲಿ ಕೂದಲಿಗೆ ಬಣ್ಣ ಹಾಕಿಸಿಕೊಂಡರು. ಕಂದು ಬರಬೇಕಾದದ್ದು ಅಪ್ಪಟ ಪಾಚಿ ಹಸಿರು ಬಂತು! ಹೆಡ್‌ಮೇಡಂ ಇಡೀ ಬೀದಿಗೆ ಕೇಳುವ ಹಾಗೆ ಬೈದು, ತಲೆಗೆ ಟವೆಲ್ ಸುತ್ತಿಕೊಂಡು ಹೊರಟುಹೋದರು.

‘ಅಕ್ಕಾ, ಈ ಕೆಲಸಾನೇ ಬಿಟ್ಬಿಡ್ಲಾ ಅನ್ನಿಸ್ತಿದೆ’ ಎಂದು ತಂಗಿ ನಡೆದದ್ದನ್ನೆಲ್ಲ ಬರೆದು ಮೆಸೇಜು ಹಾಕಿದಳು. ಅಕ್ಕ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೇ ಉತ್ತರ ಒತ್ತಿದಳು: ‘ಬಿಡು.’ ಪಕ್ಕದಲ್ಲಿ ಎರಡು ಹಳದಿ ಮುಖ. ಹಲ್ಲು ಕಚ್ಚಿ ನೋವು ತಡೆದುಕೊಳ್ಳುವ ಮುಖ ಅದು. ಯಾರಿಗೆ ಏನೇ ಕಷ್ಟ ಬಂದರೂ ಅಕ್ಕ ಅದನ್ನೇ ಕಳಿಸುತ್ತಿದ್ದಳು.

ವಾಪಸು ಬಂದು ನೋಡಿದರೆ ಮಹಾರಾಯ್ತಿ ಮುಖ ಊದಿಸಿಕೊಂಡು ಕೂತಿದ್ದಾಳೆ. ಏನಾಯ್ತೇ ಎಂದರೆ, “ನಿನ್ನ ಉತ್ತರ ನೋಡ್ದೆ, ಸಾಕು” ಎಂದಳು. ಅಷ್ಟೇ, ಬಾಯಿಗೆ ಬೀಗ. ಅಕ್ಕ ಆ ಉತ್ತರವನ್ನು ತನ್ನ ಫೋನಿನಲ್ಲಿ ಹತ್ತು ಸಲ ತೆಗೆದು ನೋಡಿದಳು. ಚಿನ್ನದಂಥ ಉತ್ತರ! ಸಮಾಧಾನ ಹೇಳಿದ್ದಕ್ಕೆ ಈ ಮರ್ಯಾದೆಯೇ ಎಂದು ಅವಳಿಗೂ ರೇಗಿತು. ಅವಳಿಗೆ ಬೇಡದ್ದು ನನಗ್ಯಾಕೆ ಅಂದುಕೊಂಡಳು. ಅಂದುಕೊಂಡಳಷ್ಟೆ, ಕಣ್ಣು ಮಾತ್ರ ಗಳಿಗೆಗೊಮ್ಮೆ ಪಾರ್ಲರಿನ ಕುರ್ಚಿಯ ಕಡೆಗೇ ಹೋಗುತ್ತಿತ್ತು. ಈಗ ಗೋಡೆಯೂ ಬರುತ್ತಿದೆ. ಕಟ್ಟಿಸುವವಳು ತಂಗಿ, ಬೇಡ ಅನ್ನಲಾಗದೆ ಕೂತವಳು ಅಕ್ಕ.

ಅಷ್ಟರಲ್ಲಿ ಕಂಡಕ್ಟರತ್ತೆ ಒಳಗೆ ಬಂದಳು. ಇವರ ಅಪ್ಪನ ತಂಗಿ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು, ಹೋದ ತಿಂಗಳಷ್ಟೇ ರಿಟೈರ್ ಆದವಳು. ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು.

“ಎಲ್ಲಿ, ಇಬ್ಬರೂ ಫೋನ್ ತೆಗೀರಿ. ನಾನೂ ಒಂದು ತಗೊಳ್ತಿದ್ದೀನಿ. ಡಿಪೋದವರೆಲ್ಲ ಗ್ರೂಪ್ ಮಾಡ್ಕೊಂಡು ಕುಣೀತಿದ್ದಾರೆ, ನಾನೊಬ್ಬಳೇ ಸ್ಟಾಪಲ್ಲಿ ಉಳಿದ ಪ್ಯಾಸೆಂಜರ್. ಯಾರ ಫೋನಲ್ಲಿ ಚೆನ್ನಾಗಿ ಕಾಣುತ್ತೋ ಅದನ್ನೇ ತಗೊಳ್ಳೋದು.”

“ಅವಳದ್ದು ನೋಡಿ ಅತ್ತೆ, ಹೊಸದು,” ಎಂದಳು ಅಕ್ಕ ಸೂಜಿಗೆ ದಾರ ಪೋಣಿಸುತ್ತ.

“ಅವರದ್ದೇ ನೋಡಿ ಅತ್ತೆ, ಅವರೇ ಜಾಣರು,” ಎಂದಳು ತಂಗಿ ಕನ್ನಡಿಗೆ.

ಅವರು! ಅಕ್ಕನಿಗೆ ಚುರುಕ್ ಎಂದಿತು. ಹುಟ್ಟಿದಾಗಿನಿಂದ ನೀನು ಅಂದವಳು ಈಗ ಬಹುವಚನ ಕಲಿತಿದ್ದಾಳೆ.

ಅತ್ತೆ ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಎರಡೂ ಫೋನು ಕಿತ್ತುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಅಕ್ಕನದು, ಅವಳ ಗಂಡ ಎಂದೋ ಬಳಸಿ ಬಿಟ್ಟದ್ದು, ಮೂಲೆಗೆ ಟೇಪು ಅಂಟಿಸಿದ್ದು. ಇನ್ನೊಂದು ತಂಗಿಯದು, ಕನ್ನಡಿಗಿಂತ ಹೆಚ್ಚು ಹೊಳೆಯುವಂಥದ್ದು. ಎರಡರಲ್ಲೂ ಮನೆಯವರ ಗ್ರೂಪನ್ನೇ ತೆಗೆಸಿದಳು.

“ದೊಡ್ಡೋಳೇ, ನಿಂದು ಸ್ಟಾರ್ಟ್ ಆಗೋದ್ರೊಳಗೆ ನಾನು ಒಂದು ಟ್ರಿಪ್ ಮುಗಿಸ್ತಿದ್ದೆ.”

“ಜಾಗ ಇಲ್ಲ ಅತ್ತೆ ಅದರಲ್ಲಿ. ಹೊಸದು ಯಾವುದನ್ನೂ ಒಳಗೆ ಬಿಟ್ಕೊಳ್ಳಲ್ಲ.”

“ಚಿಕ್ಕೋಳದ್ದು ಫಟ್ ಅಂತ ಬಂತು. ಆದ್ರೆ ಅಕ್ಷರ ಇರುವೆ ಸಾಲು ಕಣೇ. ನಿಂದರಲ್ಲಿ ಫೋಟೋ ಮಸುಕು, ಅವಳದ್ದರಲ್ಲಿ ನನ್ನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣುತ್ತೆ. ಅದು ಕಾಣದಿದ್ರೇನೇ ವಾಸಿ.” ಅತ್ತೆ ಎರಡನ್ನೂ ಮೇಲಕ್ಕೆ ತಳ್ಳುತ್ತ ತಳ್ಳುತ್ತ ಒಂದು ಕಡೆ ನಿಂತಳು. “ಅಲ್ಲಾ, ಇದೇನೇ ಇದು? ನಿಮ್ಮ ಚಿಕ್ಕಪ್ಪ ಮೆಟ್ಟಿಲಿಂದ ಬಿದ್ದು ಕಾಲು ಮುರ್ಕೊಂಡಿದ್ದಕ್ಕೆ ದೊಡ್ಡೋಳು ಒಂದು ಮುಖ ಕಳಿಸಿದ್ದಾಳೆ. ಅವಳ ಫೋನಲ್ಲಿ ಆ ಮುಖಕ್ಕೆ ಹಲ್ಲುನೋವು ಬಂದ ಹಾಗಿದೆ. ಚಿಕ್ಕೋಳ ಫೋನಲ್ಲಿ ಕಿಸಿಕಿಸಿ ನಗ್ತಿದೆ!”

“ಎಲ್ಲಿ?” ಎಂದಳು ಅಕ್ಕ.

“ಇಲ್ಲೇ ನೋಡು. ಒಂದೇ ಮುಖ, ಹಳೇ ಫೋನಲ್ಲಿ ಅಳು, ಹೊಸದರಲ್ಲಿ ನಗು. ಅಯ್ಯೋ ದೇವರೇ, ಅದಕ್ಕೇ ಚಿಕ್ಕಪ್ಪ ಪ್ಯಾಂಟ್ ಬೇರೆ ಕಡೆ ಹೊಲಿಸ್ತಿರೋದು!”

ಅಕ್ಕನ ಕೈಯಿಂದ ದಾರದ ಉಂಡೆ ಜಾರಿ ಬಿತ್ತು. ಅವಳು ಎದ್ದಳು. ಇಪ್ಪತ್ತು ದಿನದಲ್ಲಿ ಮೊದಲ ಸಲ ತಂಗಿಯ ಕಡೆ ಹೋದಳು, ಸುಣ್ಣದ ಗೆರೆ ತುಳಿದದ್ದು ಅವಳಿಗೆ ಗೊತ್ತೂ ಆಗಲಿಲ್ಲ.

“ಅವತ್ತಿನ ನನ್ನ ಉತ್ತರ ತೆಗಿಯೇ.”

“ಯಾಕೆ, ಇನ್ನೊಂದ್ಸಲ ನಗೋದಿತ್ತಾ?”

“ತೆಗೀತೀಯೋ ಇಲ್ವೋ!”

ತಂಗಿ ಹಾಗೆ ಗದರಿಸಿಕೊಂಡು ಎಷ್ಟು ದಿನವಾಗಿತ್ತೋ. ಅತ್ತೆಯ ಮುಂದಿನಿಂದ ತನ್ನ ಫೋನು ತೆಗೆದುಕೊಂಡು ತೆರೆದು ಚಾಚಿದಳು. ‘ಬಿಡು.’ ಪಕ್ಕದಲ್ಲಿ ಎರಡು ಮುಖ, ಕಣ್ಣು ಕಿರಿದು ಮಾಡಿ, ಬತ್ತೀಸಿ ಹಲ್ಲೂ ತೋರಿಸಿ ನಗುತ್ತಿದ್ದವು. ಅಕ್ಕ ಮೇಜಿನ ಕಡೆ ಹೊರಳಿದಳು. ತನ್ನ ಫೋನು ತಂದು ಅದರ ಪಕ್ಕ ಹಿಡಿದಳು. ಅದೇ ಮಾತು, ಅದೇ ಎರಡು ಮುಖ, ಆದರೆ ಇಲ್ಲಿ ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದವು.

ತಂಗಿ ಇದನ್ನೊಮ್ಮೆ ಅದನ್ನೊಮ್ಮೆ ನೋಡಿದಳು.

“ನಾನು ಕೆಲಸ ಬಿಡ್ಲಾ ಅಂತ ಕೇಳಿದ್ದೆ,” ಎಂದಳು. “ನೀನು ನಕ್ಕೊಂಡು, ಬಿಡು ಅಂದೆ.”

“ಹೋಗ್ಲಿ ಬಿಡು ಅಂದೆ ಕಣೇ! ತಲೆ ಕೆಡಿಸ್ಕೋಬೇಡ ಬಿಡು ಅಂದೆ! ಕೆಲಸ ಬಿಡು ಅಂತೀನೇನೇ ನಾನು ನಿಂಗೆ?”

“ನಂಗೇನು ಗೊತ್ತು? ಕತ್ತರಿ ಹಿಡಿಯೋದು ಕಲಿಸಿದ್ದೇ ನೀನು. ಹೆಡ್‌ಮೇಡಂ ಬೈದ್ರೆ ಬೈಕೊಳ್ಲಿ ಅಂತ ಇದ್ದೆ. ನೀನೇ ನಕ್ಬಿಟ್ರೆ ಇನ್ಯಾರ ಹತ್ರ ಹೋಗಿ ಅಳಲಿ?”

ಅಷ್ಟು ಹೇಳಿದ್ದೇ ತಡ, ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಅಕ್ಕನಿಗೂ ಬಂತು. ಇಪ್ಪತ್ತು ದಿನದ್ದು ಬಾಕಿ ಇತ್ತಲ್ಲ, ಇಬ್ಬರೂ ತಬ್ಬಿಕೊಂಡು ಸರಿಯಾಗಿಯೇ ಅತ್ತರು. ಅಕ್ಕನ ಕೊರಳಲ್ಲಿದ್ದ ಅಳತೆ ಟೇಪು ತಂಗಿಯ ಕಿವಿಯೋಲೆಗೆ ಸಿಕ್ಕಿಕೊಂಡಿತು.

“ನಿಮಗಿಬ್ಬರಿಗೂ ಬುದ್ಧಿ ಇಲ್ಲ,” ಎಂದಳು ಅತ್ತೆ ಮೂಗೊರೆಸಿಕೊಳ್ಳುತ್ತ. “ಹತ್ತು ಹೆಜ್ಜೆ ದೂರದಲ್ಲಿ ಕೂತ್ಕೊಂಡು ಬಾಯಿಬಿಟ್ಟು ಒಂದು ಮಾತು ಕೇಳೋಕಾಗಲ್ವಾ? ನಂಗಂತೂ ಇನ್ನು ಎರಡೂ ಫೋನ್ ಬೇಕು. ಒಂದು ಕಳಿಸೋಕೆ, ಇನ್ನೊಂದು ಏನು ಕಳಿಸ್ದೆ ಅಂತ ನೋಡೋಕೆ.”

ಆಗಲೇ ಬಾಗಿಲಲ್ಲಿ ಮೇಸ್ತ್ರಿ ಕರಣೆ ಹಿಡಿದು ನಿಂತಿದ್ದ. ಹೊರಗೆ ಇಟ್ಟಿಗೆ ಇಳಿಸಿ ಆಗಿತ್ತು.

“ಏನಮ್ಮಾ, ಗೋಡೆ ಶುರು ಮಾಡ್ಲಾ?”

“ಬಿಡಿ!” ಎಂದರು ಅಕ್ಕ ತಂಗಿ ಇಬ್ಬರೂ ಒಂದೇ ಉಸಿರಿಗೆ.

ಮೇಸ್ತ್ರಿ ತಲೆ ಕೆರೆದುಕೊಂಡ. “ಬಿಡಿ ಅಂದ್ರೆ? ಕಟ್ಟೋದನ್ನೇ ಬಿಡ್ಲಾ, ಇಲ್ಲ ಮಧ್ಯ ಬಾಗಿಲಿಗೆ ಜಾಗ ಬಿಡ್ಲಾ? ಬಿಡಿಸಿ ಹೇಳ್ರಮ್ಮ!”

ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಆಮೇಲೆ ನಕ್ಕರು ನೋಡಿ, ಬತ್ತೀಸಿ ಹಲ್ಲೂ ಕಾಣುವ ಹಾಗೆ. ಅತ್ತೆ ನಗು ತಾಳಲಾರದೆ ಮೇಜಿಗೆ ಒರಗಿದಳು. ಮೇಸ್ತ್ರಿಗೆ ಮಾತ್ರ ಏನೂ ತಿಳಿಯಲಿಲ್ಲ.

“ಗೋಡೆ ಬೇಡ,” ಎಂದಳು ಅಕ್ಕ, ಅವನ ಎದುರಿಗೇ ಹೋಗಿ, ಒಂದೊಂದು ಅಕ್ಷರವನ್ನೂ ಸರಿಯಾಗಿ ಉಚ್ಚರಿಸಿ. “ಕಟ್ಟಬೇಡಿ. ಇಟ್ಟಿಗೆ ತಗೊಂಡು ಹೋಗಿ.”

ತಂಗಿ ಆಗಲೇ ಪೊರಕೆ ಹಿಡಿದಿದ್ದಳು. ಸುಣ್ಣದ ಗೆರೆಯನ್ನು ಗುಡಿಸುತ್ತ, ತನ್ನ ಕಡೆಯ ಕೂದಲನ್ನೂ ಅಕ್ಕನ ಕಡೆಯ ಬಟ್ಟೆ ಚೂರನ್ನೂ ಮೊದಲಿನ ಹಾಗೆ ಒಂದೇ ಗುಡ್ಡೆ ಮಾಡಿದಳು.

“ಅಕ್ಕ,” ಎಂದಳು ಬಗ್ಗಿದಲ್ಲಿಂದಲೇ, “ಚಿಕ್ಕಪ್ಪನಿಗೆ ಫೋನ್ ಮಾಡು. ಮೆಸೇಜ್ ಹಾಕ್ಬೇಡ.”